ಮೈಮೇಲಿನ ತಾಯಿತ ನಿಧಿಯಲ್ಲ



ಈಜಿಪ್ಟ್ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಚಿನ್ನ. ಟುಟಾಂಖಾಮುನ್ ರಾಜನ ಮುಖವಾಡ, ಸಮಾಧಿಯೊಳಗಿನ ಹಾರಗಳು, ಬಳೆಗಳು. ಯೂಟ್ಯೂಬಿನಲ್ಲಿ ನೋಡಿದರೆ ‘ನಿಧಿ’, ‘ಶಾಪ’ ಎಂಬ ತಲೆಬರಹಗಳೇ ತುಂಬಿವೆ. ಆದರೆ ಅವನ್ನು ಮಾಡಿಸಿದವರಿಗೆ ಅವು ನಿಧಿಯಾಗಿರಲಿಲ್ಲ. ಸತ್ತವರನ್ನು ಕಾಯಲು ಮೈಮೇಲೆ ಇಟ್ಟ ರಕ್ಷೆಗಳಾಗಿದ್ದವು. ಅದಕ್ಕೇ ನಾವು ಹೇಳುವುದು ಇಷ್ಟು: ಇನ್ನೂ ಬಟ್ಟೆ ಬಿಚ್ಚದೆ ಉಳಿದಿರುವ ಮಮ್ಮಿಗಳನ್ನು ಹಾಗೆಯೇ ಉಳಿಯಲು ಬಿಡಬೇಕು.

ಈ ತಾಯಿತಗಳ ವಿಷಯದಲ್ಲಿ ಯಾವುದೂ ಮನಸ್ಸಿಗೆ ಬಂದಂತೆ ಇರಲಿಲ್ಲ. ಸತ್ತವರ ಜೊತೆ ಇಡುತ್ತಿದ್ದ ಮಂತ್ರಗಳ ಸಂಗ್ರಹವನ್ನು ಇಂದು ‘ಮೃತರ ಗ್ರಂಥ’ ಎಂದು ಕರೆಯುತ್ತಾರೆ. ಯಾವ ತಾಯಿತ ಯಾವುದರಿಂದ ಆಗಬೇಕು, ಎಲ್ಲಿ ಇಡಬೇಕು ಎಂಬುದು ಅದರಲ್ಲಿದೆ. ಸ್ಥಿರತೆಯ ಗುರುತಾದ ‘ಜೆದ್’ ಕಂಬ ಚಿನ್ನದ್ದು. ಐಸಿಸ್ ದೇವತೆಯ ಗಂಟು ಕೆಂಪು ಕಲ್ಲಿನದು, ಇಡುವುದು ಕತ್ತಿನ ಬಳಿ. ಅಷ್ಟು ಅನುಕೂಲ ಇಲ್ಲದವರಿಗೆ ಫಯಾನ್ಸ್ ಇತ್ತು. ಬೆಣಚುಕಲ್ಲಿನ ಪುಡಿಗೆ ಸುಣ್ಣ, ಕ್ಷಾರ, ತಾಮ್ರದ ಅಂಶ ಸೇರಿಸಿ ಅಚ್ಚಿನಲ್ಲಿ ಒತ್ತಿ ಸುಟ್ಟರೆ ನೀಲಿ-ಹಸಿರು ಹೊಳಪು ಬರುತ್ತದೆ. ಬೆಲೆ ಕಡಿಮೆ, ಆದರೆ ಆಸೆ ಒಂದೇ.

ಎಲ್ಲಕ್ಕಿಂತ ನಮ್ಮನ್ನು ತಟ್ಟಿದ್ದು ಹೃದಯದ ತಾಯಿತ. ಸಗಣಿ ಉಂಡೆ ಉರುಳಿಸುವ ದುಂಬಿಯ ಆಕಾರದ ಹಸಿರು ಕಲ್ಲು ಅದು. ಸತ್ತ ಮೇಲೆ ಹೃದಯವನ್ನು ತಕ್ಕಡಿಯಲ್ಲಿಟ್ಟು, ಸತ್ಯದ ಗರಿಯ ಎದುರು ತೂಗುತ್ತಾರೆ ಎಂದು ಅವರು ನಂಬಿದ್ದರು. ಆ ಹೊತ್ತಿನಲ್ಲಿ ತನ್ನ ಹೃದಯವೇ ತನಗೆ ವಿರುದ್ಧವಾಗಿ ಸಾಕ್ಷಿ ಹೇಳದಿರಲಿ ಎಂಬ ಬೇಡಿಕೆಯನ್ನು ಆ ಕಲ್ಲಿನ ಅಡಿಯಲ್ಲಿ ಕೆತ್ತಿಸುತ್ತಿದ್ದರು. ಸಾಕ್ಷಿಯ ಬಾಯಿ ಮುಚ್ಚಿಸುವ ಉಪಾಯವನ್ನು ನಾವು ಒಪ್ಪದಿರಬಹುದು. ಆದರೆ ಆ ಭಯ ಯಾರಿಗೆ ಗೊತ್ತಿಲ್ಲ? ನಮ್ಮ ಮನೆಗಳಲ್ಲಿ ತೀರಿಕೊಂಡವರ ಕೈಗೆ ಜಪಮಾಲೆ ಸುತ್ತುತ್ತೇವೆ. ಅದರ ಬೆಲೆ ಎಷ್ಟೆಂದು ಯಾರೂ ಕೇಳುವುದಿಲ್ಲ.

ಈಜಿಪ್ಟಿನ ಸತ್ತವರಿಗೆ ಮಾತ್ರ ಆ ಮರ್ಯಾದೆ ಸಿಗಲಿಲ್ಲ. ಮೊದಲು ಕೈಹಾಕಿದವರು ಅವರದೇ ನಾಡಿನವರು. ಸುಮಾರು 3,100 ವರ್ಷಗಳ ಹಿಂದಿನ ಒಂದು ಪಪೈರಸ್‌ನಲ್ಲಿ ಕಲ್ಲುಕುಟಿಗನೊಬ್ಬನ ತಪ್ಪೊಪ್ಪಿಗೆ ಉಳಿದಿದೆ: ರಾಜನ ಸಮಾಧಿಗೆ ಕನ್ನ ಕೊರೆದು, ಕತ್ತಿನಲ್ಲಿದ್ದ ತಾಯಿತಗಳನ್ನೂ ಚಿನ್ನವನ್ನೂ ಕಿತ್ತುಕೊಂಡ ಕಥೆ. 1834ರಲ್ಲಿ ಲಂಡನ್ನಿನಲ್ಲಿ ಥಾಮಸ್ ಪೆಟಿಗ್ರೂ ಎಂಬ ವೈದ್ಯರು ಜನರ ಮುಂದೆ ಮಮ್ಮಿ ಬಿಚ್ಚಿದಾಗ ನೂಕುನುಗ್ಗಲು ಎಷ್ಟಿತ್ತೆಂದರೆ, ಕ್ಯಾಂಟರ್ಬರಿಯ ಆರ್ಚ್‌ಬಿಷಪರೇ ಜಾಗ ಸಿಗದೆ ಹಿಂತಿರುಗಬೇಕಾಯಿತು.

ವಿಜ್ಞಾನದ ಹೆಸರಿನಲ್ಲಿ ನಡೆದದ್ದೂ ಮೃದುವಾಗಿರಲಿಲ್ಲ. 1925ರ ನವೆಂಬರ್ 11ರಂದು ಹೊವಾರ್ಡ್ ಕಾರ್ಟರ್ ಅವರ ತಂಡ ಟುಟಾಂಖಾಮುನ್‌ನ ಬಟ್ಟೆ ಬಿಚ್ಚಲು ಆರಂಭಿಸಿತು. ಶವದ ಮೇಲೆ ಸುರಿದಿದ್ದ ರಾಳ ಗಟ್ಟಿಯಾಗಿ, ದೇಹ ಪೆಟ್ಟಿಗೆಗೆ ಅಂಟಿಕೊಂಡಿತ್ತು. ಬಿಸಿಲಿಗಿಟ್ಟರೂ ಬಿಡಲಿಲ್ಲ. ಕೊನೆಗೆ ಕಾಯಿಸಿದ ಚಾಕು ಬಳಸಿದರು. ಕೈಕಾಲು, ತಲೆ ಎಲ್ಲ ಬೇರೆ ಬೇರೆಯಾದವು. ಬಟ್ಟೆಯ ಪದರಗಳ ನಡುವೆ ಸಿಕ್ಕ ಆಭರಣ, ತಾಯಿತ ಮುಂತಾದ ವಸ್ತುಗಳು 143. ತೀರಿಕೊಂಡಾಗ ಆ ರಾಜನಿಗೆ ಹೆಚ್ಚೆಂದರೆ 19 ವರ್ಷ, ನಮ್ಮ ಯುವಕೂಟದ ವಯಸ್ಸು.

‘ಬಿಚ್ಚದಿದ್ದರೆ ನಮಗೆ ಏನು ಗೊತ್ತಾಗುತ್ತಿತ್ತು?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಕಾರ್ಟರ್ ತಂಡ ಪ್ರತಿಯೊಂದು ವಸ್ತು ಎಲ್ಲಿತ್ತು ಎಂದು ಬರೆದಿಟ್ಟಿತು, ಫೋಟೊ ತೆಗೆದಿಟ್ಟಿತು. ಇಂದು ನಮಗೆ ತಿಳಿದಿರುವ ಬಹಳಷ್ಟು ಅಲ್ಲಿಂದಲೇ ಬಂದದ್ದು. ಆಗ ಬೇರೆ ದಾರಿ ಕಡಿಮೆ ಇತ್ತು ಎಂದಾದರೂ ಹೇಳಬಹುದು. ಈಗ ಹಾಗೆ ಹೇಳುವಂತಿಲ್ಲ.

1916ರಲ್ಲಿ ಎಡ್ಫು ಬಳಿ ಸಿಕ್ಕಿದ್ದ ಹುಡುಗನೊಬ್ಬನ ಮಮ್ಮಿ ಕೈರೊ ವಸ್ತುಸಂಗ್ರಹಾಲಯದ ಉಗ್ರಾಣದಲ್ಲಿ ದಶಕಗಳ ಕಾಲ ಹಾಗೇ ಬಿದ್ದಿತ್ತು. ಕೈರೊ ವಿಶ್ವವಿದ್ಯಾಲಯದ ಸಹರ್ ಸಲೀಂ ಮತ್ತು ಸಂಗಡಿಗರು ಅದನ್ನು ಸಿ.ಟಿ. ಸ್ಕ್ಯಾನ್ ಮಾಡಿ, 2023ರಲ್ಲಿ ವಿವರ ಪ್ರಕಟಿಸಿದರು. ಲೋಹ, ಮೂಳೆ, ಬಟ್ಟೆ ಇವು ಎಕ್ಸ್-ರೇಯನ್ನು ಬೇರೆ ಬೇರೆ ಪ್ರಮಾಣದಲ್ಲಿ ತಡೆಯುವುದರಿಂದ ಒಳಗಿನದೆಲ್ಲ ಬಿಡಿಬಿಡಿಯಾಗಿ ಕಾಣುತ್ತದೆ. ಕಂಡದ್ದೇನು? 14-15 ವರ್ಷದ ಹುಡುಗನ ಮೈಮೇಲೆ ಮತ್ತು ಒಳಗೆ ಮೂರು ಸಾಲುಗಳಲ್ಲಿ 49 ತಾಯಿತಗಳು, 21 ಬಗೆಯವು. ಎದೆಯೊಳಗೆ ಚಿನ್ನದ ದುಂಬಿ. ಪರಲೋಕದಲ್ಲಿ ಮಾತು ಬರಲೆಂದು ಬಾಯಲ್ಲಿ ಚಿನ್ನದ ನಾಲಿಗೆ. ಒಂದು ಎಳೆ ಬಟ್ಟೆಯನ್ನೂ ಸರಿಸಲಿಲ್ಲ. ಆ ದುಂಬಿಯ ಪ್ರತಿಯನ್ನು ತ್ರೀಡಿ ಪ್ರಿಂಟರಿನಲ್ಲಿ ಮಾಡಿಕೊಂಡರು. ಮೂಲದ್ದು ಹುಡುಗನ ಎದೆಯಲ್ಲೇ ಉಳಿಯಿತು. ಬಿಚ್ಚಿದ್ದರೆ ಕೈಗೆ ಚಿನ್ನ ಬರುತ್ತಿತ್ತು, ಆ ಮೂರು ಸಾಲು ಕೆಡುತ್ತಿತ್ತು. ಮಗನನ್ನು ಕಳೆದುಕೊಂಡವರು ಯೋಚಿಸಿ ಯೋಚಿಸಿ ಇಡಿಸಿದ ಸಾಲು ಅದು.

ಇದು ದೂರದ ಮಾತೂ ಅಲ್ಲ. ನಮ್ಮ ಕಡೆಯವರು ಆಗಾಗ ಹೋಗಿಬರುವ ಹೈದರಾಬಾದಿನಲ್ಲಿ, ಪಬ್ಲಿಕ್ ಗಾರ್ಡನ್ಸ್‌ನ ರಾಜ್ಯ ವಸ್ತುಸಂಗ್ರಹಾಲಯದಲ್ಲಿ ಒಂದು ಮಮ್ಮಿ ಇದೆ. ಹದಿಹರೆಯದ ಹುಡುಗಿಯದು ಎನ್ನುತ್ತಾರೆ. ಮುಂದಿನ ಸಲ ಹೋದಾಗ ಗಾಜಿಗೆ ಬೆನ್ನು ಮಾಡಿ ಸೆಲ್ಫಿ ತೆಗೆಯುವ ಬದಲು ಒಂದು ನಿಮಿಷ ಸುಮ್ಮನೆ ನಿಲ್ಲಿ. ಚಿಕ್ಕವರು ಜೊತೆಗಿದ್ದರೆ ‘ಇದರ ಬೆಲೆ ಎಷ್ಟು?’ ಎಂದು ಕೇಳಿಯೇ ಕೇಳುತ್ತಾರೆ. ಬೆಲೆಯ ಮಾತು ಬಿಟ್ಟು, ಯಾವ ತಾಯಿತವನ್ನು ದೇಹದ ಯಾವ ಜಾಗದಲ್ಲಿ, ಯಾವುದಕ್ಕೆ ಹೆದರಿ ಇಡುತ್ತಿದ್ದರು ಎಂದು ಹೇಳಿಕೊಡಿ. ಅಲ್ಲಿ ಮಲಗಿರುವುದು ವಸ್ತುವಲ್ಲ, ಯಾರದೋ ಮನೆಯ ಮಗಳು ಎಂಬುದು ಅವರಿಗೆ ತಾನಾಗಿಯೇ ಅರ್ಥವಾಗುತ್ತದೆ.