ಎರಡು ತೂತಿಗೆ ಮುನ್ನೂರಾ?

ಓದುಬರಹ ಬಲ್ಲವರ ಮನೆಬಾಗಿಲಲ್ಲಿ ದಿನವೂ ಕೇಳಿಬರುವ ಪ್ರಶ್ನೆ ಇದು. ಕಳೆದ ತಿಂಗಳು ನಾನೂ ಕೇಳಿದೆ. ಕೇಳಬಾರದಿತ್ತು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನ ನನ್ನ ಬಾಡಿಗೆ ಮನೆ ಹಳೆಯದು, ಹೊರಗೋಡೆ ಸೈಜುಗಲ್ಲಿನದು. ಬಾಗಿಲ ಮೇಲೆ ವೈರ್ ಇತ್ತು, ದೀಪ ಇರಲಿಲ್ಲ. ಗೆಳತಿಯ ಪುಟ್ಟ ಡ್ರಿಲ್ ತಂದು ನಾನೇ ಶುರುಮಾಡಿದೆ. ಅರ್ಧ ಇಂಚು ಗಾರೆ ಸಲೀಸಾಗಿ ಉದುರಿತು. ಆಮೇಲೆ ಬಿಟ್ ಸುಮ್ಮನೆ ತಿರುಗಿತು, ಸುಟ್ಟ ವಾಸನೆ ಬಂತು, ತುದಿ ಕಪ್ಪಾಯಿತು. ಗೋಡೆ ಜಪ್ಪಯ್ಯ ಎನ್ನಲಿಲ್ಲ.

ಮರುದಿನ ಬಂದ ಎಲೆಕ್ಟ್ರಿಷಿಯನ್ ಆ ಬಿಟ್ ನೋಡಿ ನಕ್ಕರು. "ಇದು ಮರಕ್ಕೆ ಹಾಕೋದು. ನಿಮ್ಮದು ಕಲ್ಲು ಮೇಡಂ." ಬರೀ ತಿರುಗಿದರೆ ಗ್ರಾನೈಟ್ ಬಗ್ಗುವುದಿಲ್ಲ, ತಿರುಗುತ್ತಲೇ ನಿಮಿಷಕ್ಕೆ ಸಾವಿರಾರು ಸಲ ಕುಟ್ಟಬೇಕು. ಅದಕ್ಕೆ ಹ್ಯಾಮರ್ ಡ್ರಿಲ್ ಬೇಕು, ಟಂಗ್‌ಸ್ಟನ್ ಕಾರ್ಬೈಡ್ ತುದಿಯ ಬಿಟ್ ಬೇಕು. ಅವರು ಮೊದಲು ವೈರ್ ಹೋದ ದಾರಿ ನೋಡಿದರು. ಗೋಡೆ ತಟ್ಟಿ, ಕಲ್ಲಿನ ಸಂದಿ ತಪ್ಪಿಸಿ, ಪೆನ್ಸಿಲಿನಲ್ಲಿ ಗುರುತು ಹಾಕಿದರು. ಸಂದಿಯ ಸಡಿಲ ಗಾರೆಯಲ್ಲಿ ಪ್ಲಗ್ ಬಿಗಿಯಾಗಿ ಕೂರುವುದಿಲ್ಲ. ಬೇಕಾದ ಆಳಕ್ಕೆ ಬಿಟ್ಟಿನ ಸುತ್ತ ಟೇಪ್ ಸುತ್ತಿದರು. ಕೊರೆಯುವಾಗ ಆಗಾಗ ಬಿಟ್ ಹೊರಗೆಳೆದು ಪುಡಿ ತೆಗೆದರು. ದೂಳು ಎದ್ದಾಗ ನಾನು ಒಳಗೆ ಹೋಗಿ ಕಿಟಕಿ ಮುಚ್ಚಿಕೊಂಡೆ. ಮೇಜಿನ ಮೇಲೆ ನನ್ನ ಪ್ರಬಂಧದ ಅಧ್ಯಾಯವಿತ್ತು: ವಚನಗಳಲ್ಲಿ ಕಾಯಕ.

ಹೊರಗೆ ಅವರ ಮುಖಕ್ಕೆ ಒಂದು ಕರ್ಚೀಫು. ಗ್ರಾನೈಟಿನಲ್ಲಿರುವ ಸಿಲಿಕಾದ ನುಣ್ಣನೆಯ ದೂಳನ್ನು ಕರ್ಚೀಫು ತಡೆಯುವುದಿಲ್ಲ. ಅದು ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಸೇರಿದರೆ ಸಿಲಿಕೋಸಿಸ್, ವಾಸಿಯಾಗದ ರೋಗ. ನನ್ನ ಮನೆಯ ಎರಡು ತೂತಿನಿಂದ ಅದು ಬರುವುದಿಲ್ಲ, ನಿಜ. ಆದರೆ ಅವರಿಗೆ ದಿನವೂ ಯಾರದೋ ಒಂದು ಗೋಡೆ ಇದ್ದೇ ಇದೆ. 1948ರ ಕಾರ್ಖಾನೆ ಕಾಯ್ದೆ ಈ ರೋಗವನ್ನು ಪಟ್ಟಿಯಲ್ಲಿ ಸೇರಿಸಿತ್ತು. ನನ್ನ ಮನೆಬಾಗಿಲು ಕಾರ್ಖಾನೆಯಲ್ಲ.

ಕೆಲಸ ಮುಗಿಸಿ ಅವರು ಮುನ್ನೂರು ಕೇಳಿದರು. ನಾನು ಆ ಪ್ರಶ್ನೆ ಕೇಳಿದೆ. "ಹೋಗ್ಲಿ, ಇನ್ನೂರೈವತ್ತು ಕೊಡಿ" ಎಂದರು. ಐವತ್ತು ರೂಪಾಯಿ ಉಳಿಸಿ ಅಧ್ಯಾಯಕ್ಕೆ ಮರಳಿದೆ.

ಹಗ್ಗ ಹೊಸೆದ ನುಲಿಯ ಚಂದಯ್ಯನ ಮೇಲೆ, ಬುಟ್ಟಿ ಹೆಣೆದ ಮೇದಾರ ಕೇತಯ್ಯನ ಮೇಲೆ ಸೆಮಿನಾರ್ ಮಾಡುವವರು ನಾವು. ಹನ್ನೆರಡನೇ ಶತಮಾನದ ಕಾಯಕಕ್ಕೆ ಕೈಮುಗಿಯುತ್ತೇವೆ, ಈ ಶತಮಾನದ್ದಕ್ಕೆ ಚೌಕಾಸಿ ಮಾಡುತ್ತೇವೆ. "ನಮಗೂ ಫೆಲೋಶಿಪ್ ಬಂದು ತಿಂಗಳುಗಳಾದವು" ಎನ್ನಬಹುದು. ಒಪ್ಪಿದೆ. ಆದರೆ ಕಾಫಿ ಅಂಗಡಿಯ ಬಿಲ್ಲಿನ ಮೇಲೆ ನಾವು ಜಗಳ ಆಡುವುದಿಲ್ಲ. "ಯಂತ್ರ ತಾನೇ ಕೊರೆಯುವುದು" ಎನ್ನುವವರು ನನ್ನ ಸುಟ್ಟ ಬಿಟ್ಟನ್ನು ಬಂದು ನೋಡಲಿ.

ಊರಿಗೆ ಹೋದಾಗ ನೆಂಟರು ಕೇಳುತ್ತಾರೆ: "ಒಂದು ಪುಸ್ತಕ ಬರೆಯೋಕೆ ಐದು ವರ್ಷ ಬೇಕೇನೇ?" ಎಷ್ಟು ಉರಿಯುತ್ತದೆ ನಮಗೆ! ಕೆಲಸದ ಒಳಗನ್ನು ಕಾಣದವರ ಪ್ರಶ್ನೆ ಅದು. ನಾನು ಬಾಗಿಲಲ್ಲಿ ನಿಂತು ಕೇಳಿದ್ದೂ ಅದನ್ನೇ.

ಮುಂದಿನ ಸಲ ಕೇಳಿದಷ್ಟು ಕೊಡೋಣ. ಒಂದು ಎನ್-95 ಮಾಸ್ಕನ್ನೂ ಕೊಡೋಣ. ಅದು ದಾನವಲ್ಲ, ಸಾಮಾನಿನ ಪಟ್ಟಿಯಲ್ಲಿ ಪ್ಲಗ್ಗು, ಸ್ಕ್ರೂಗಳ ಜೊತೆ ಇರಬೇಕಾದದ್ದು. ಆ ಐವತ್ತು ರೂಪಾಯಿಯನ್ನು ನಾನಿನ್ನೂ ತಲುಪಿಸಿಲ್ಲ. ಈ ವಾರ ತಲುಪಿಸಬೇಕು.