ಸೆಪರೇಸ್ ಎಂಬ ತಾಳ್ಮೆಯ ಕಿಣ್ವ

ಜೀವಕೋಶ ಇಬ್ಭಾಗವಾಗುವಾಗ ನಡೆಯುವ ಎಷ್ಟೋ ಕೆಲಸಗಳನ್ನು ಹಿಂದಕ್ಕೆ ತಿರುಗಿಸಬಹುದು. ಒಂದು ಕಿಣ್ವ ಅಂಟಿಸಿದ ಫಾಸ್ಫೇಟನ್ನು ಇನ್ನೊಂದು ಕಿತ್ತುಹಾಕುತ್ತದೆ. ಸೆಪರೇಸ್‌ನ ಕೆಲಸ ಹಾಗಲ್ಲ. ಅದು ಪ್ರೋಟೀನನ್ನೇ ಕತ್ತರಿಸುತ್ತದೆ. ಕತ್ತರಿಸಿದ್ದು ಮತ್ತೆ ಕೂಡುವುದಿಲ್ಲ.

ವಿಭಜನೆಗೆ ಮೊದಲು ನಮ್ಮ 46 ವರ್ಣತಂತುಗಳೂ ಇಮ್ಮಡಿಯಾಗುತ್ತವೆ. ಹಾಗೆ ಹುಟ್ಟಿದ ಅವಳಿಗಳನ್ನು ಕೊಹೆಸಿನ್ ಎಂಬ ಪ್ರೋಟೀನ್ ಉಂಗುರಗಳು, ಎರಡು ಕೈಗೆ ಒಂದೇ ಬಳೆ ತೊಡಿಸಿದಂತೆ, ಕೂಡಿಸಿ ಹಿಡಿದಿರುತ್ತವೆ. ಅವಳಿಗಳು ಬೇರಾಗುವಾಗ ಈ ಉಂಗುರ ತುಂಡಾಗುತ್ತದೆ ಎಂದು ಫ್ರಾಂಕ್ ಉಲ್ಮನ್, ಕಿಮ್ ನ್ಯಾಸ್ಮಿತ್ ಮತ್ತು ಸಂಗಡಿಗರು 1999ರಲ್ಲಿ ವಿಯೆನ್ನಾದಲ್ಲಿ ಯೀಸ್ಟ್ ಕೋಶಗಳಲ್ಲಿ ತೋರಿಸಿದರು. ತುಂಡು ಮಾಡುವುದು ಸೆಪರೇಸೇ ಎಂಬುದು ಮರುವರ್ಷ ಖಚಿತವಾಯಿತು.

ಮನುಷ್ಯನ ಸೆಪರೇಸ್ 2120 ಅಮೈನೊ ಆಮ್ಲಗಳ ದೈತ್ಯ. ಆದರೆ ಕತ್ತರಿಸುವ ಕೆಲಸವೆಲ್ಲ ತುದಿಯ ಸಮೀಪದ ಒಂದು ಸಂದಿಯಲ್ಲಿ, 2029ನೆಯ ಸ್ಥಾನದ ಸಿಸ್ಟೀನ್‌ನದು. ಆ ಸಂದಿಯನ್ನು ಸೆಕ್ಯೂರಿನ್ ಎಂಬ ಪುಟ್ಟ ಪ್ರೋಟೀನ್ ತುಂಬಿಕೊಂಡಿರುತ್ತದೆ. ಬಂದದ್ದು ತುಂಡಾಗಬೇಕಾದ ಪ್ರೋಟೀನಿನ ವೇಷದಲ್ಲೇ. ಆದರೆ ಏಟು ಬೀಳಬೇಕಾದ ಜಾಗದಲ್ಲಿ ಇರಬೇಕಾದ ಅರ್ಜಿನೀನ್ ಅದರಲ್ಲಿಲ್ಲ. ಹಾಗಾಗಿ ಏಟು ಬೀಳುವುದಿಲ್ಲ. 2021ರಲ್ಲಿ ಪ್ರಕಟವಾದ ಕ್ರಯೋ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಮಾನವ ಸೆಪರೇಸ್‌ನ ಈ ಬಿಗಿಹಿಡಿತ ಕಣ್ಣಿಗೆ ಕಂಡಿತು. ಇನ್ನೂ ಬೆರಗಿನ ಸಂಗತಿಯೆಂದರೆ, ಸೆಪರೇಸ್ ಸರಿಯಾಗಿ ಮಡಚಿಕೊಂಡು ರೂಪ ತಳೆಯಲು ನೆರವಾಗುವುದೂ ಇದೇ ಸೆಕ್ಯೂರಿನ್. ಸಾಕುವ ಕೈಯೇ ತಡೆಯುವ ಕೈ! ಕೊನೆಯ ವರ್ಣತಂತುವೂ ಎಳೆಯುವ ನೂಲುಗಳಿಗೆ ಸರಿಯಾಗಿ ಸಿಕ್ಕಿಕೊಂಡ ಮೇಲಷ್ಟೇ ಕೋಶ ಸೆಕ್ಯೂರಿನ್ನನ್ನು ನಾಶಮಾಡಿ ಸೆಪರೇಸನ್ನು ಬಿಡುತ್ತದೆ. ಆಮೇಲೆ ಉಂಗುರಗಳು ಉಳಿಯುವುದು ಕೆಲವೇ ನಿಮಿಷ.

ಅಂಡಾಣುವಿನಲ್ಲಿ ಈ ಕಾಯುವಿಕೆ ದಶಕಗಳಷ್ಟು ದೀರ್ಘ. ಹೆಣ್ಣುಮಗು ಹುಟ್ಟುವ ಮೊದಲೇ ಅವಳ ಅಂಡಾಣುಗಳ ವರ್ಣತಂತುಗಳಿಗೆ ಉಂಗುರ ಬಿದ್ದಿರುತ್ತದೆ. ಸೆಪರೇಸ್‌ನ ಸರದಿ ಬರುವುದು ಅವಳು ಬೆಳೆದು, ಅಂಡಾಣು ಬಲಿತಾಗ. ಅಷ್ಟರಲ್ಲಿ ಉಂಗುರಗಳು ಸವೆದಿದ್ದರೆ ವರ್ಣತಂತುಗಳು ಹೊತ್ತಿಗೆ ಮುನ್ನ ಸಡಿಲಗೊಂಡು ತಪ್ಪು ಕಡೆ ಸೇರಬಹುದು. 21ನೆಯ ವರ್ಣತಂತು ಹೀಗೆ ಒಂದು ಹೆಚ್ಚಾದರೆ ಮಗುವಿಗೆ ಡೌನ್ ಸಿಂಡ್ರೋಮ್. ತಾಯಿಯ ವಯಸ್ಸು ಏರಿದಂತೆ ಇದರ ಸಾಧ್ಯತೆ ಏರಲು ಈ ಸವೆತವೂ ಒಂದು ಮುಖ್ಯ ಕಾರಣ.

ಅಂಥ ಮಗು ಹುಟ್ಟಿದ ಮನೆಗಳಲ್ಲಿ, ಬಸುರಿಯಾಗಿದ್ದಾಗ ಗ್ರಹಣ ನೋಡಿದಳು, ತಿನ್ನಬಾರದ್ದನ್ನು ತಿಂದಳು ಎಂದು ಹೆತ್ತವಳನ್ನು ಹಂಗಿಸುವ ಮಾತು ನಮ್ಮಲ್ಲಿ ಇನ್ನೂ ನಿಂತಿಲ್ಲ. ಹೆಚ್ಚಿನ ಪ್ರಕರಣಗಳಲ್ಲಿ ಎಡವಟ್ಟು ಆಗುವುದು ಅಂಡಾಣುವಿನಲ್ಲೇ, ಬಸಿರು ನಿಲ್ಲುವ ಮುಂಚೆ. ದಯವಿಟ್ಟು ಆ ತಾಯಿಯನ್ನು ದೂರಬೇಡಿ.