ಇಲಿಗೆ ವಾಸಿಯಾಯ್ತು, ಅಜ್ಜಿಗೆ?

‘ಆಲ್‌ಝೈಮರ್‌ಗೆ ಮದ್ದು ಸಿಕ್ಕಿತಂತೆ ಕಣೋ’ ಅಂತ ಅಮ್ಮ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸ್ತಿರೋದು ಈ ವರ್ಷ ಇದು ನಾಲ್ಕನೇ ಸಲ. ಅಜ್ಜಿ ನನ್ನನ್ನು ಸೋದರಮಾವನ ಹೆಸರಿಂದ ಕರೆಯೋಕೆ ಶುರು ಮಾಡಿ ಎರಡು ವರ್ಷವಾಯ್ತು. ಹಾಗಾಗಿ ಪ್ರತಿ ಸಲ ಕೊನೆತನಕ ಓದ್ತೀನಿ. ಕೊನೇ ಪ್ಯಾರಾದ ಹತ್ತಿರ ಎಲ್ಲೋ ಆ ಪದ ಇದ್ದೇ ಇರುತ್ತೆ: ‘ಇಲಿಗಳಲ್ಲಿ’.

ನನ್ನ ಜಗಳ ಇಲಿಯ ಜೊತೆ ಅಲ್ಲ. ನರಕೋಶ ತನ್ನೊಳಗೆ ಹಾಳಾದ ಪ್ರೋಟೀನನ್ನು ಹೇಗೆ ಒಡೆದು ವಿಲೇವಾರಿ ಮಾಡುತ್ತೆ ಅಂತ ಬದುಕಿರೋ ಮನುಷ್ಯರ ಮಿದುಳು ಬಗೆದು ನೋಡೋಕಾಗಲ್ಲ. 2006ರಲ್ಲಿ ಜಪಾನಿನ ಎರಡು ತಂಡಗಳು ಆ ವಿಲೇವಾರಿಗೆ, ಅಂದರೆ ಆಟೋಫೇಜಿಗೆ, ಬೇಕಾದ ಒಂದೊಂದು ಜೀನನ್ನು ಇಲಿಗಳ ಮಿದುಳಿಂದ ತೆಗೆದವು. ರೋಗದ ಪ್ರೋಟೀನ್ ಯಾವುದನ್ನೂ ಸೇರಿಸಿರಲಿಲ್ಲ. ಆದರೂ ನರಕೋಶಗಳಲ್ಲಿ ಪ್ರೋಟೀನ್ ಗುಡ್ಡೆ ಬಿತ್ತು, ಕೋಶಗಳು ಸತ್ತವು, ಇಲಿಗಳ ನಡಿಗೆ ಕೆಟ್ಟಿತು. ನಮ್ಮ ಬೀದಿಗೆ ಕಸದ ಗಾಡಿ ಒಂದು ವಾರ ಬರದಿದ್ರೆ ಏನಾಗುತ್ತೆ ಅಂತ ಬೆಂಗಳೂರಿನವರಿಗೆ ವಿವರಿಸಬೇಕಿಲ್ಲ. ಅದಕ್ಕೂ ಮುಂಚೆ, 2000ದಲ್ಲಿ, ಹಂಟಿಂಗ್ಟನ್ ರೋಗದ ಇಲಿಗಳಲ್ಲಿ ಕೆಟ್ಟ ಜೀನನ್ನು ಆಫ್ ಮಾಡಿದಾಗ ಕಟ್ಟಿಕೊಂಡಿದ್ದ ಗಂಟುಗಳು ಕರಗಿದವು, ಲಕ್ಷಣಗಳೂ ತಗ್ಗಿದವು. ಇಂಥದ್ದನ್ನು ಇಲಿಯಿಲ್ಲದೆ ತಿಳಿಯೋದು ಹೇಗೆ?

ಆದರೆ ಇಲಿಗೆ ತಾನಾಗಿ ಆಲ್‌ಝೈಮರ್ ಬರಲ್ಲ ಸ್ವಾಮಿ. ಕೆಲವೇ ಕುಟುಂಬಗಳಲ್ಲಿರೋ ಅಪರೂಪದ ಜೀನನ್ನು ತುರುಕಿ ಬರಿಸ್ತಾರೆ. ನಮ್ಮಜ್ಜಿಯಂಥ ಬಹುಪಾಲು ರೋಗಿಗಳಲ್ಲಿ ಆ ಜೀನ್ ಇರೋದೇ ಇಲ್ಲ. ಅಂಥ ಇಲಿಗಳಲ್ಲಿ ಅಮಿಲಾಯ್ಡ್ ಸೇರುತ್ತೆ, ಆದರೆ ಮನುಷ್ಯರಲ್ಲಿ ಸಾಯುವಷ್ಟು ನರಕೋಶ ಸಾಯಲ್ಲ. ಅರ್ಧ ರೋಗ ತರಿಸಿ, ಅರ್ಧ ವಾಸಿ ಮಾಡಿ, ಪೂರ್ತಿ ಹೆಡ್‌ಲೈನ್ ಹಾಕೋದು!

1999ರಲ್ಲಿ ಒಂದು ಲಸಿಕೆ ಎಳೆ ಇಲಿಗಳಲ್ಲಿ ಅಮಿಲಾಯ್ಡ್ ಕಟ್ಟೋದನ್ನೇ ತಡೆದಿತ್ತು. ಮನುಷ್ಯರಿಗೆ ಕೊಟ್ಟಾಗ ನೂರಕ್ಕೆ ಆರು ಮಂದಿಗೆ ಮಿದುಳಿನ ಉರಿಯೂತ ಬಂತು. 2002ರಲ್ಲಿ ಟ್ರಯಲ್ ನಿಂತಿತು. ಇತ್ತೀಚಿನ ಲೆಕನೆಮ್ಯಾಬ್ 18 ತಿಂಗಳ ಟ್ರಯಲ್‌ನಲ್ಲಿ ಅಮಿಲಾಯ್ಡ್ ತೆಗೆದು ಹಾಕಿತು ನಿಜ, ಆದರೆ ರೋಗದ ಓಟ ನಿಧಾನವಾಗಿದ್ದು 27% ಮಾತ್ರ. ಅದೂ ಆರಂಭದ ಹಂತದವರಲ್ಲಿ.

ವಿಜ್ಞಾನಿಗಳೇ, ಎಪ್ಪತ್ತರ ರೋಗಕ್ಕೆ ಮುದಿ ಇಲಿಗಳಲ್ಲೂ ಪರೀಕ್ಷೆ ಮಾಡಿ, ಸಾಕೋ ಖರ್ಚು ಜಾಸ್ತಿಯಾದರೂ. ಪತ್ರಕರ್ತರೇ, ‘ಇಲಿಗಳಲ್ಲಿ’ ಅನ್ನೋದು ಐದೇ ಅಕ್ಷರ, ಹೆಡ್‌ಲೈನ್‌ನಲ್ಲಿ ಹಿಡಿಸುತ್ತೆ. ಅಮ್ಮ ಓದೋದು ಅಷ್ಟನ್ನೇ.